ಕತ್ತು ನೋವಿಗೂ ಒಂದು ಲೆಕ್ಕವಿರಲಿ



ಅಡಕೆಗೆ ಕೊಳೆ ಬಂದರೆ ಊರಿಗೆ ಊರೇ ಎಚ್ಚರಗೊಳ್ಳುತ್ತದೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ಕಿತ್ತು ಸುಡುವವರೆಗೆ ಸಮಾಧಾನವಿಲ್ಲ. ಆದರೆ ದೋಟಿ ಹಿಡಿಯುವವರು, ಹೊರೆ ಹೊರುವವರು "ಕತ್ತು ಹಿಡಿದುಕೊಂಡಿದೆ, ಕೈ ಜೋಮು ಹಿಡಿಯುತ್ತದೆ" ಎಂದರೆ ಸ್ವಲ್ಪ ಎಣ್ಣೆ ತಿಕ್ಕಿಕೊಳ್ಳಲು ಹೇಳಿ ಕಳುಹಿಸುವುದೇ ನಮ್ಮ ಕಡೆಯ ರೂಢಿ. ಕಣ್ಣಿಗೆ ಕಾಣದ ನೋವನ್ನು ಮೈಗಳ್ಳತನವೆಂದು ತಿಳಿಯುವವರೂ ಉಂಟು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸದಸ್ಯರ ಮುಂದಿಡುವುದು ಅಗತ್ಯವೆಂದು ತೋರಿದ್ದರಿಂದ ಈ ನಾಲ್ಕು ಮಾತು.

ನಮ್ಮ ಕಸುಬಿನಲ್ಲಿ ಕತ್ತಿಗೆ ಬೀಳುವ ಶ್ರಮ ಮೂರು ಬಗೆಯದು. ಒಂದು, ತಲೆಹೊರೆ: ಗೊಬ್ಬರ, ಸೊಪ್ಪು, ಹಣ್ಣು ಕಾಫಿ, ಹಸಿ ಅಡಕೆ ಎಲ್ಲವೂ ಇಳಿಜಾರಿನ ತೋಟದಲ್ಲಿ ತಲೆಯ ಮೇಲೆಯೇ ಸಾಗಬೇಕು. ಎರಡು, ತಗ್ಗಿಸಿದ ತಲೆ: ಯಂತ್ರವಿಲ್ಲದ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಅಡಕೆ ಸುಲಿಯುವ ಹೆಂಗಸರದು. ಮೂರನೆಯದು ಇತ್ತೀಚಿನದು, ಎತ್ತಿದ ತಲೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ಬಹಳಷ್ಟು ತಪ್ಪಿತು. ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ 60 ಅಡಿ ಮೇಲಿನ ಕೊನೆಗೆ ನೆಲದಿಂದಲೇ ಗುರಿಯಿಟ್ಟು ಔಷಧಿ ಹೊಡೆಯುವವರ, ಕೊಯ್ಯುವವರ ಕತ್ತು ದಿನವಿಡೀ ಹಿಂದಕ್ಕೆ ಮಡಿಸಿಕೊಂಡೇ ಇರುತ್ತದೆ.

ಇದರಿಂದ ಆಗುವುದೇನು? ಕತ್ತಿನಲ್ಲಿ 7 ಮಣಿಗಳಿವೆ. ಎರಡನೆಯ ಮಣಿಯಿಂದ ಕೆಳಕ್ಕೆ ಒಂದೊಂದರ ನಡುವೆ ಡಿಸ್ಕ್ ಎಂಬ ಮೆತ್ತೆಯಿದೆ. ವಯಸ್ಸಾದಂತೆ ಮೆತ್ತೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ, ಹೊರಕ್ಕೆ ಉಬ್ಬುತ್ತದೆ, ಮಣಿಗಳ ಅಂಚಿನಲ್ಲಿ ಮೂಳೆ ಬೆಳೆಯುತ್ತದೆ. ಇವು ಕೈಗೆ ಹೋಗುವ ನರದ ಬುಡವನ್ನು ಒತ್ತಿದರೆ ನೋವು ಭುಜದಿಂದ ಬೆರಳಿನವರೆಗೆ ಇಳಿಯುತ್ತದೆ. ತಲೆಯನ್ನು ಹಿಂದಕ್ಕೆತ್ತಿ ನೋವಿನ ಕಡೆಗೆ ವಾಲಿಸಿದರೆ ನರ ಹೊರಬರುವ ಕಿಂಡಿ ಮತ್ತಷ್ಟು ಕಿರಿದಾಗುತ್ತದೆ. 1944ರಲ್ಲಿ ಅಮೆರಿಕದ ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ವೈದ್ಯರು ಈ ಭಂಗಿಯನ್ನೇ ರೋಗ ಪತ್ತೆಯ ಪರೀಕ್ಷೆಯಾಗಿ ವಿವರಿಸಿದರು. ವೈದ್ಯರು ಕ್ಷಣಮಾತ್ರ ಮಾಡಿಸಿ ನೋಡುವ ಭಂಗಿಯಲ್ಲಿ ನಮ್ಮ ದೋಟಿಯವರು ಗಂಟೆಗಟ್ಟಲೆ ನಿಲ್ಲುತ್ತಾರೆ!

ಇನ್ನು ಫಿಲ್ಮಿನ ಮಾತು. ಪಟ್ಟಣಕ್ಕೆ ಹೋಗಿ ಎಂ.ಆರ್.ಐ. ತೆಗೆಸಿ, "ಡಿಸ್ಕ್ ಸವೆದಿದೆ" ಎಂಬ ವರದಿ ಹಿಡಿದು ಬಂದವರು ಮನೆಯಲ್ಲಿ ಮೂಲೆ ಹಿಡಿಯುವುದುಂಟು. ಜಪಾನಿನಲ್ಲಿ ನೋವೇ ಇಲ್ಲದ 1,211 ಜನರ ಕತ್ತಿನ ಎಂ.ಆರ್.ಐ. ತೆಗೆದು ನೋಡಿದರು. 2015ರಲ್ಲಿ ಪ್ರಕಟವಾದ ಆ ವರದಿಯಂತೆ ನೂರಕ್ಕೆ 87ಕ್ಕೂ ಹೆಚ್ಚು ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಮಂದಿಯದು ಇದೇ ಕಥೆ. ಆದ್ದರಿಂದ ಫಿಲ್ಮಿನಲ್ಲಿ ಸವೆತ ಕಂಡಿತೆಂದು ಎದೆಗುಂದಬೇಕಿಲ್ಲ. ಹಾಗೆಯೇ ಫಿಲ್ಮಿನಲ್ಲಿ ಹೆಚ್ಚೇನೂ ಕಾಣಲಿಲ್ಲವೆಂದು ನೊಂದವರನ್ನು ಸುಳ್ಳುಗಾರರೆನ್ನಲೂ ಬಾರದು.

ಹಾಗಾದರೆ ಅಳೆಯುವುದು ಯಾವುದರಿಂದ? ಏನು ಮಾಡಲು ಆಗುತ್ತದೆ, ಏನು ಆಗುವುದಿಲ್ಲ ಎಂಬುದರಿಂದ. 1991ರಲ್ಲಿ ವೆರ್ನನ್ ಮತ್ತು ಮಿಯೋರ್ ಎಂಬಿಬ್ಬರು ಹತ್ತು ಬಾಬುಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ನೋವಿನ ತೀವ್ರತೆ, ಸ್ನಾನ-ಉಡುಗೆ, ಭಾರ ಎತ್ತುವುದು, ಓದುವುದು, ತಲೆನೋವು, ಗಮನವಿಡುವುದು, ಕೆಲಸ, ವಾಹನ ನಡೆಸುವುದು, ನಿದ್ದೆ, ಆಟ-ವಿನೋದ: ಇವೇ ಆ ಹತ್ತು. ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 50. ನಾಲ್ಕರೊಳಗಿದ್ದರೆ ತೊಂದರೆಯಿಲ್ಲ. 15 ದಾಟಿದರೆ ಮಧ್ಯಮ, 25 ದಾಟಿದರೆ ತೀವ್ರ. ಸೀಮೆಯೆಣ್ಣೆಯಂತೆ ನೋವನ್ನು ಲೀಟರಿನಲ್ಲಿ ಅಳೆಯಲಾಗದಿದ್ದರೂ, ಅದು ದುಡಿಮೆಯಿಂದ ಎಷ್ಟು ಕಿತ್ತುಕೊಂಡಿದೆ ಎಂಬುದನ್ನು ಹೀಗೆ ಲೆಕ್ಕಕ್ಕೆ ತರಬಹುದು.

ಧೈರ್ಯಕ್ಕೆ ಕಾರಣವೂ ಇದೆ. ಅಮೆರಿಕದ ರಾಚೆಸ್ಟರ್ ಪಟ್ಟಣದಲ್ಲಿ 1976ರಿಂದ 1990ರವರೆಗೆ ಕತ್ತಿನ ನರದ ಬುಡದ ತೊಂದರೆಗೆ ಒಳಗಾದವರ ದಾಖಲೆಗಳನ್ನು ಪರಿಶೀಲಿಸಿದಾಗ, ಕೊನೆಯ ಭೇಟಿಯ ವೇಳೆಗೆ ನೂರಕ್ಕೆ 90 ಮಂದಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವೇ ಇತ್ತು. ಶಸ್ತ್ರಚಿಕಿತ್ಸೆ ಬೇಕಾದದ್ದು ಸುಮಾರು ಕಾಲುಪಾಲು ಜನರಿಗೆ. ಉಳಿದವರು ಅದಿಲ್ಲದೆಯೇ ನಡೆದುಕೊಂಡರು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಕುಳಿತರೆ ಕತ್ತಿನ ಸ್ನಾಯುಗಳೇ ಸೋಲುತ್ತವೆ. ವೈದ್ಯರು ಹೇಳಿಕೊಟ್ಟ ವ್ಯಾಯಾಮವೇ ಲೇಸು. ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸುವ ಚಪಲವನ್ನು ಮಾತ್ರ ದಯವಿಟ್ಟು ಬಿಡಿ.

ಆದರೆ ಕೆಲವು ಲಕ್ಷಣಗಳಿಗೆ ಕಾಯುವಂತಿಲ್ಲ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಚಪ್ಪಲಿ ಜಾರಿದ್ದು ತಿಳಿಯದಿರುವುದು, ನಡೆಯುವಾಗ ತೂರಾಡುವುದು, ಕೈ ದಿನೇದಿನೇ ಬಲಗುಂದುವುದು, ಮಲಮೂತ್ರದ ಹಿಡಿತ ತಪ್ಪುವುದು. ಇವು ಬೆನ್ನುಹುರಿಗೋ ನರಕ್ಕೋ ಒತ್ತಡ ಬಿದ್ದುದರ ಸೂಚನೆಗಳಾಗಿರಬಹುದು. ಇಂಥ ಕಡೆ ನೋವು ಹೆಚ್ಚಿಲ್ಲದೆಯೂ ಇರಬಹುದು, ಅದರಿಂದ ಮೋಸಹೋಗಬಾರದು. ತಡಮಾಡಿದರೆ ಕಳೆದ ಬಲ ಮರಳುವ ಭರವಸೆಯಿಲ್ಲ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯದ್ದಿರಬಹುದು. ಒಡನೆ ಆಸ್ಪತ್ರೆಗೆ ಹೋಗಬೇಕು.

ಇಷ್ಟು ತಿಳಿದ ಮೇಲೆ ಕೆಲಸದ ಕ್ರಮವೂ ಬದಲಾಗಬೇಕೆಂಬುದು ನಮ್ಮ ಅಭಿಮತ. ದೋಟಿಗೆ ಇಬ್ಬರಿರಲಿ, ಅರ್ಧ ಗಂಟೆಗೊಮ್ಮೆ ಸರದಿ ಬದಲಾಗಲಿ. "ಆಳೇ ಸಿಗದ ಕಾಲದಲ್ಲಿ ಇಬ್ಬರನ್ನು ಎಲ್ಲಿಂದ ತರುವುದು?" ಎಂದು ಸದಸ್ಯರು ಕೇಳಬಹುದು. ಬಿದ್ದ ಅಡಕೆ ಹೆಕ್ಕಲು, ಪೈಪು ಎಳೆಯಲು ಇನ್ನೊಬ್ಬರು ಹೇಗೂ ಇರುತ್ತಾರೆ. ಅವರಿಗೂ ದೋಟಿ ಕಲಿಸಿದರೆ ಕೂಲಿಯ ಖರ್ಚು ಹೆಚ್ಚುವುದಿಲ್ಲ. ಕೊನೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ತಲೆ ಇಳಿಸುವುದಿಲ್ಲ, ದಿನಗೂಲಿಯೇ ನ್ಯಾಯ. ತೋಟದಿಂದ ಕಣಕ್ಕೆ ಬರುವ ಮೂಟೆ 50 ಕಿಲೋ ಇರಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅರ್ಧ ಮೂಟೆ ಮಾಡಿ, ದಾರಿಯಿರುವಲ್ಲಿ ಕೈಗಾಡಿ ಬಳಸಿ. ಸುಲಿಯುವವರು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲಿ.

ಸಂಘದ ಪಾಲಿನ ಕೆಲಸವೂ ಇದೆ. ಅಂಥದೇ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕೊಯ್ಲಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸದಸ್ಯರಿಂದಲೂ ಕಾರ್ಮಿಕರಿಂದಲೂ ತುಂಬಿಸಬೇಕು. ಅಂಕ ಏರಿದವರಿಗಾಗಿ ತಿಂಗಳಿಗೊಂದು ದಿನ ಫಿಸಿಯೋಥೆರಪಿ ತಜ್ಞರನ್ನು ಕರೆಸಬೇಕು. ಈ ಸೂಚನೆಯನ್ನು ಬರುವ ಮಹಾಸಭೆಯ ಮುಂದಿಡಲಿದ್ದೇವೆ. ಖರ್ಚು ಎಷ್ಟೆಂದು ಕೇಳುವ ಹಕ್ಕು ಸದಸ್ಯರಿಗಿದೆ. ಅದರ ಜೊತೆಗೆ ಇದನ್ನೂ ಯೋಚಿಸಿಕೊಂಡು ಬನ್ನಿ: ಎರಡೆಕರೆ ತೋಟದವರಲ್ಲಿ ಬಹುಮಂದಿ ದೋಟಿ ಹಿಡಿಯುವುದು ತಾವೇ. ಆ ಕೈ ಜೋಮು ಹಿಡಿದ ವರ್ಷ ಕೊಳೆ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಹೊಡೆಯುವವರು ಯಾರು?