ಸ್ಟೇಟಸ್‌ನಲ್ಲಿ ಬೆಳಕು, ರೆಕಾರ್ಡ್‌ನಲ್ಲಿ ಕತ್ತಲು

ಅಂದು ಬೆಳಿಗ್ಗೆ ನನ್ನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬೆಳಕಿನ ಕುರಿತ ಬೈಬಲ್ ವಚನವಿತ್ತು. ಮಧ್ಯಾಹ್ನ ಕಾಂಕ್ರೀಟ್ ಲ್ಯಾಬ್‌ನಲ್ಲಿ ನಾನು ರೆಕಾರ್ಡ್ ಪುಸ್ತಕದಲ್ಲಿ ಸುಳ್ಳು ಬರೆದೆ. ಪಕ್ಕದಲ್ಲಿದ್ದ ಗೆಳತಿ ನಕ್ಕು, ‘ಸ್ಟೇಟಸ್ ಮಾತ್ರ ಸೂಪರ್ ಕಣೇ’ ಎಂದಳು. ಅವಳು ಹೇಳಿದ್ದು ತಮಾಷೆಗೆ. ಆದರೆ ಆ ಮಾತು ರಾತ್ರಿ ಹಾಸ್ಟೆಲ್‌ವರೆಗೂ ನನ್ನ ಹಿಂದೆಯೇ ಬಂತು.

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ತಿಳಿಯಲು ನಾವು 150 ಮಿ.ಮೀ. ಅಳತೆಯ ಕ್ಯೂಬ್‌ಗಳನ್ನು ಅಚ್ಚಿನಲ್ಲಿ ಹಾಕಿ, ಮರುದಿನ ಬಿಡಿಸಿ, 28 ದಿನ ತುಂಬುವವರೆಗೆ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುತ್ತೇವೆ. ಎಂ20 ಕಾಂಕ್ರೀಟ್ ಎಂದರೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ತಾಳಬೇಕು. ಅಂದರೆ ಒಂದು ಕ್ಯೂಬ್ 450 ಕಿಲೋನ್ಯೂಟನ್‌ವರೆಗೆ ನಿಲ್ಲಬೇಕು. ನಮ್ಮದು 340ಕ್ಕೇ ಬಿರುಕು ಬಿಟ್ಟು ಒಡೆಯಿತು. ಲೆಕ್ಕ ಹಾಕಿದರೆ 15 ಚಿಲ್ಲರೆ ಬಂತು. ಕಾರಣವೂ ಗೊತ್ತಿತ್ತು. ದಸರಾ ರಜೆಗೆ ಊರಿಗೆ ಓಡುವ ಅವಸರದಲ್ಲಿ ನಾವು ಕ್ಯೂಬ್‌ಗಳನ್ನು ನೀರಿಗೆ ಹಾಕದೆ ಹೊರಗೇ ಬಿಟ್ಟಿದ್ದೆವು. ನಾಲ್ವರ ಗುಂಪಿನಲ್ಲಿ ಬರೆಯುವ ಕೆಲಸ ನನ್ನದು. ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ 22 ಎಂದು ಬರೆದೆ.

ರಾತ್ರಿ ಮತ್ತಾಯನ ಸುವಾರ್ತೆ ತೆರೆದೆ. ಅಲ್ಲಿ 5ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಲೋಕಕ್ಕೆ ಬೆಳಕು ಎಂದು ಕರೆಯುತ್ತಾನೆ. ಅವರ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಎನ್ನುತ್ತಾನೆ. ಮುಂದಿನ ಅಧ್ಯಾಯದಲ್ಲೇ, ಜನ ನೋಡಲಿ ಎಂದು ಧರ್ಮಕಾರ್ಯ ಮಾಡಬೇಡಿ ಎಂದೂ ಎಚ್ಚರಿಸುತ್ತಾನೆ. ಭಾನುವಾರದ ಶಾಲೆಯಿಂದಲೂ ಇವೆರಡನ್ನೂ ಕೇಳಿದ್ದೇನೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಅಂದೇ ಮೊದಲ ಸಲ ಯೋಚಿಸಿದ್ದು. ಆಗ ನೆನಪಾದದ್ದು ಅಮ್ಮ.

ಅಮ್ಮ ಉಡುಪಿ ಕಡೆಯ ನಮ್ಮೂರಿನಲ್ಲಿ ಟೈಲರ್. ರವಿಕೆ ಹೊಲಿದು ಮಿಕ್ಕ ಬಟ್ಟೆಯನ್ನು ಚಿಕ್ಕದಿರಲಿ ದೊಡ್ಡದಿರಲಿ ಮಡಚಿ ಅದೇ ಕವರಿನಲ್ಲಿಟ್ಟು ಕೊಡುತ್ತಾರೆ. ಕೇಳದಿದ್ದರೂ ಕೊಡುತ್ತಾರೆ. ಹೇಳಿದ ದಿನಕ್ಕೆ ಆಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತಾರೆ. ಅಂಗಡಿಯಲ್ಲಿ ಅವರು ಯಾರಿಗೂ ಬೈಬಲ್ ಓದಿ ಹೇಳಿದ್ದು ನಾನು ಕಂಡಿಲ್ಲ. ಆದರೆ ಹಬ್ಬ ದೀಪಾವಳಿಯೇ ಆಗಲಿ, ರಂಜಾನ್ ಆಗಲಿ, ಕ್ರಿಸ್‌ಮಸ್ ಆಗಲಿ, ಎಲ್ಲ ಮನೆಗಳ ಬಟ್ಟೆಯೂ ಅವರ ಮೇಜಿನ ಮೇಲಿರುತ್ತದೆ. ಅವರು ಯಾರ ಕಣ್ಣಿಗೂ ಬೀಳಲು ಹೊರಟವರಲ್ಲ. ಆದರೂ ಅವರ ಕೆಲಸ ಎಲ್ಲರ ಕಣ್ಣಿಗೂ ಬಿದ್ದಿದೆ. ನಾನೋ ತದ್ವಿರುದ್ಧ. ಕಾಣಿಸಿಕೊಳ್ಳುವುದನ್ನು ಮೊದಲು ಮಾಡಿದ್ದೆ, ಕೆಲಸವನ್ನು ಮರೆತಿದ್ದೆ.

ಮರುದಿನ ಒಬ್ಬಳೇ ಹೋಗಿ ಲ್ಯಾಬ್ ಸರ್ ಹತ್ತಿರ ನಿಜ ಹೇಳಿದೆ. ಅವರು ಬೈಯಲಿಲ್ಲ. 22 ಅನ್ನು ಹೊಡೆದುಹಾಕಿ, ‘ಬಂದದ್ದನ್ನೇ ಬರೆಯಿರಿ, ಯಾಕೆ ಕಡಿಮೆ ಬಂತೆಂದೂ ಬರೆಯಿರಿ’ ಎಂದರು. ನಾಲ್ವರಿಗೂ ಎರಡೆರಡು ಅಂಕ ಕಡಿಮೆಯಾಯಿತು. ಮನಸ್ಸು ಹಗುರಾಯಿತು ಎಂದುಕೊಂಡು ಹೊರಬಂದೆ. ಅದೇ ಗೆಳತಿ ಕಾರಿಡಾರಿನಲ್ಲಿ ನಿಂತಿದ್ದಳು. ‘ನಿನ್ನ ಮನಸ್ಸಾಕ್ಷಿಗೆ ನಮ್ಮ ಮಾರ್ಕ್ಸ್ ಯಾಕೆ? ಒಂದು ಮಾತು ನಮಗೆ ಹೇಳಬಾರದಿತ್ತಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಿದ್ದು ಸರಿ. ಜೊತೆಯವರಿಗೆ ತಿಳಿಸದೆ ಹೋದದ್ದು ತಪ್ಪು. ಬೆಳಕನ್ನು ಎದುರಿನವರ ಕಣ್ಣಿಗೇ ಹಿಡಿದರೆ ಅವರಿಗೆ ದಾರಿ ಕಾಣುವುದಿಲ್ಲ, ಕಣ್ಣು ಕುಕ್ಕುತ್ತದೆ ಅಷ್ಟೆ. ಸಂಜೆ ಮೂವರ ಬಳಿಯೂ ಕ್ಷಮೆ ಕೇಳಿದೆ. ಇಬ್ಬರು ಸುಮ್ಮನಾದರು. ಆಕೆ ಒಂದು ವಾರ ಮಾತು ಬಿಟ್ಟಳು.

ಚಂದ್ರನಿಗೆ ಸ್ವಂತ ಬೆಳಕಿಲ್ಲ ಎಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ನನಗೆ ಅಚ್ಚರಿ ತಂದದ್ದು ಇನ್ನೊಂದು ಸಂಗತಿ: ತನ್ನ ಮೇಲೆ ಬೀಳುವ ಬೆಳಕಿನಲ್ಲಿ ಚಂದ್ರ ಹಿಂದಿರುಗಿಸುವುದು ಸುಮಾರು ಶೇ 12 ಮಾತ್ರ. ಅದರ ಮೈ ಸವೆದ ಡಾಂಬರು ರಸ್ತೆಯಷ್ಟು ಕಪ್ಪು, ತುಂಬ ಒರಟು. ಆದರೂ ಹುಣ್ಣಿಮೆಯ ರಾತ್ರಿ ಗದ್ದೆಯ ಬದುವಿನ ಮೇಲೆ ಟಾರ್ಚ್ ಇಲ್ಲದೆ ನಡೆಯಬಹುದು. ಇದರಿಂದ ನನಗೆ ಸಮಾಧಾನವಾಗುತ್ತದೆ. ದೇವರ ಬೆಳಕನ್ನು ನಾಲ್ಕು ಜನಕ್ಕೆ ತಲುಪಿಸಲು ನಾನು ಕಲೆಯಿಲ್ಲದ ಕನ್ನಡಿಯಾಗಬೇಕಿಲ್ಲ. ಇರುವ ಕಪ್ಪನ್ನು ಮುಚ್ಚಿಡದೆ, ಸೂರ್ಯನ ಕಡೆ ಮುಖ ಮಾಡಿ ನಿಂತರೆ ಸಾಕು.

ಇದು ನನ್ನ ಮನೆಯ, ನನ್ನ ನಂಬಿಕೆಯ ಭಾಷೆ. ನಿಮ್ಮ ಮನೆಯಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿಕೊಟ್ಟಿರಬಹುದು. ಆದರೆ ಪರೀಕ್ಷೆ ನಮಗೆಲ್ಲ ಒಂದೇ. ಬಾರದ ಗೆಳೆಯನ ಹಾಜರಿ ಕೂಗುವಾಗ, ಮಾಡದ ಇಂಟರ್ನ್‌ಶಿಪ್ಪನ್ನು ರೆಸ್ಯೂಮೆಯಲ್ಲಿ ತುಂಬುವಾಗ ಯಾರೂ ನಮ್ಮ ಧರ್ಮ ಕೇಳುವುದಿಲ್ಲ. ನಾಳೆ ಸೈಟಿನಲ್ಲಿ 15ರ ಕಾಂಕ್ರೀಟಿಗೆ 22 ಎಂದು ಸಹಿ ಹಾಕಿದರೆ, ಆ ಸೂರಿನ ಕೆಳಗೆ ಮಲಗುವವರು ನಮ್ಮ ಸ್ಟೇಟಸ್ ಓದಿರುವುದಿಲ್ಲ.

ನಾವು ಹೊಸ ಕ್ಯೂಬ್‌ಗಳನ್ನು ಹಾಕಿದ್ದೇವೆ. ಅಂಕಕ್ಕಲ್ಲ, ತಿಳಿದುಕೊಳ್ಳಲು. ಪ್ರತಿ ಭಾನುವಾರ ಚರ್ಚಿನಿಂದ ಬರುವಾಗ ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡಿ ಬರುತ್ತೇನೆ. ಕಳೆದ ವಾರ ಹೋದಾಗ ಆ ಗೆಳತಿ ನನಗಿಂತ ಮೊದಲೇ ಬಂದು ನೀರು ತುಂಬಿಸುತ್ತಿದ್ದಳು. 28 ದಿನ ಇನ್ನೂ ಆಗಿಲ್ಲ. ಎಷ್ಟು ಬರುತ್ತದೋ ಅಷ್ಟನ್ನೇ ಬರೆಯುತ್ತೇವೆ.