ಕೆನೆಯೋ ಗೋಧಿಯೋ, ಅಮ್ಮನನ್ನು ಕೇಳಿ

ಮುಂಬೈ, ಪುಣೆಯ ಫ್ಲಾಟುಗಳಲ್ಲಿ ದೀಪಾವಳಿಗೆ ಮುಂಚೆ ಪೇಂಟಿಂಗ್ ಮಾತು ಬಂದಾಗ ಕೊನೆಗೆ ಉಳಿಯುವ ಬಣ್ಣಗಳು ಸಾಮಾನ್ಯವಾಗಿ ಎರಡು: ತಿಳಿ ಕೆನೆಬಣ್ಣ, ಇಲ್ಲವೇ ಗೋಧಿಬಣ್ಣ. ಶೇಡ್ ಕಾರ್ಡಿನ ಬೆರಳಗಲದ ಚೌಕಗಳನ್ನು ಹಿಡಿದು ಗಂಡ, ಹೆಂಡತಿ, ಮಕ್ಕಳು ವಾರಗಟ್ಟಲೆ ಚರ್ಚಿಸುತ್ತಾರೆ. ಊರಿನ ಮನೆ ಬಿಟ್ಟು ಮಗನ ಜೊತೆ ಇರಲು ಬಂದು, ದಿನದ ಹೆಚ್ಚು ಹೊತ್ತನ್ನು ಆ ಕೋಣೆಯಲ್ಲೇ ಕಳೆಯುವ ತಾಯಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ‘ಅಮ್ಮಂಗೆ ಯಾವುದಾದ್ರೂ ನಡೆಯುತ್ತೆ’ ಎಂದು ಉಳಿದವರೇ ಹೇಳಿಬಿಡುತ್ತಾರೆ.

ನಡೆಯುವುದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಪಾಪೆ ಕಿರಿದಾಗುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಉಳಿದವರು ವಾದಿಸುವ ನಸುಹಳದಿ, ನಸುಗೆಂಪಿನ ಸೂಕ್ಷ್ಮ ಆ ಕಣ್ಣಿಗೆ ಅಷ್ಟಾಗಿ ತಿಳಿಯದು. ಗೋಡೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಸ್ವಿಚ್ಚು ಎಲ್ಲಿದೆ ಎಂದು ಕಾಣುತ್ತದೆಯೇ, ಇವು ಮುಖ್ಯ.

ಬಣ್ಣ ಹಿಂದಿರುಗಿಸುವ ಬೆಳಕನ್ನು ಎಲ್‌ಆರ್‌ವಿ ಎಂಬ ಅಂಕಿಯಲ್ಲಿ ಹೇಳುತ್ತಾರೆ: ಕಡುಗಪ್ಪಿಗೆ 0, ಅಪ್ಪಟ ಬಿಳಿಗೆ 100. ತಿಳಿ ಕೆನೆಬಣ್ಣ ಸಾಮಾನ್ಯವಾಗಿ 70ರ ಮೇಲಿರುತ್ತದೆ, ಗೋಧಿಬಣ್ಣ ಅದಕ್ಕಿಂತ ಕೆಳಗೆ. ಎದುರಿನ ಕಟ್ಟಡ ಕಿಟಕಿಗೆ ಅಡ್ಡ ನಿಂತಿರುವ ಕೋಣೆಗೆ ಕೆನೆಬಣ್ಣವೇ ಸರಿ.

ಕೆನೆಬಣ್ಣ ಬೇಗ ಕೊಳೆಯಾಗುತ್ತದೆ, ಮಂಚದ ಹಿಂದೆ ತಲೆಯ ಎಣ್ಣೆಕಲೆ ಎದ್ದು ಕಾಣುತ್ತದೆ ಎಂಬ ಆಕ್ಷೇಪ ನಿಜ. ಹಾಗಾದರೆ ಮಂಚ ತಾಗುವ ಆ ಒಂದು ಗೋಡೆಗೆ ಗೋಧಿಬಣ್ಣ ಬಳಿಯಬಹುದು. ಹಾಸಿಗೆ ಪಕ್ಕದ ಬಿಳಿ ಸ್ವಿಚ್‌ಬೋರ್ಡ್ ಇರುವುದೂ ಹೆಚ್ಚಾಗಿ ಅದೇ ಗೋಡೆಯಲ್ಲಿ. ಕೆನೆಯ ಮೇಲೆ ಕರಗಿಹೋಗುವ ಬಿಳಿ, ಗೋಧಿಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಎದ್ದವರು ಗೋಡೆ ತಡವರಿಸಬೇಕಾಗಿಲ್ಲ.

ಇಷ್ಟಾದರೂ ತೀರ್ಮಾನ ಕಾರ್ಡಿನ ಮೇಲೆ ಬೇಡ. ಸಣ್ಣ ಡಬ್ಬಿ ತಂದು ಎರಡೂ ಬಣ್ಣಗಳನ್ನು ಗೋಡೆಯ ಮೇಲೆ ಎರಡೆರಡು ಅಡಿ ಬಳಿಸಿ, ಎರಡು ಕೋಟ್ ಒಣಗಲು ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ಒಮ್ಮೆ ನೋಡಿ. 2700 ಕೆಲ್ವಿನ್‌ನ ಹಳದಿ ಬಲ್ಬಿನಡಿ ಬೆಚ್ಚಗೆ ಕಾಣುವ ಗೋಧಿಬಣ್ಣ, 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಬೂದಿಯಂತೆ ಕಾಣಬಹುದು. ನೋಡುವಾಗ ತಾಯಿ ತಾವು ದಿನವೂ ಕೂರುವ ಜಾಗದಲ್ಲೇ ಕೂತಿರಲಿ.

ಅವರು ಇದಾವುದನ್ನೂ ಲೆಕ್ಕಿಸದೆ, ಊರಿನ ಮಣ್ಣಿನ ಗೋಡೆ ನೆನಪಾಗಿ, ನಾಲ್ಕೂ ಗೋಡೆಗೆ ಗೋಧಿಬಣ್ಣವೇ ಬೇಕೆನ್ನಬಹುದು. ಆಗ ಅದನ್ನೇ ಬಳಿಸಿ, ಒಂದು ದೀಪ ಹೆಚ್ಚು ಹಾಕಿಸಿ.