ವಸಡಿನ ರಕ್ತವೂ ಕೀಲಿನ ಬೇನೆಯೂ

ಕೂಲಿ, ಬೋನಸ್, ಧಾರಣೆ, ತೆರಿಗೆ ಇವುಗಳನ್ನು ಬಿಟ್ಟು ಹಲ್ಲು ವಸಡುಗಳ ವಿಚಾರ ಸಂಪಾದಕೀಯಕ್ಕೆ ಏಕೆ ಬಂತೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ದುಡಿಯುವವನಿಗೆ ಇರುವ ಬಂಡವಾಳ ಅವನ ದೇಹವೊಂದೇ. ಆ ಬಂಡವಾಳ ಯಾವ ದಾರಿಯಿಂದ ಸೋರಿಹೋಗುತ್ತಿದೆಯೆಂದು ನೋಡುವುದೂ ನಮ್ಮ ಪತ್ರಿಕೆಯ ಕೆಲಸವೇ.

ಕಳೆದ ವಾರ ಮಿಲ್ಲಿನ ವೈಂಡಿಂಗ್ ಖಾತೆಯ ಒಬ್ಬ ತಾಯಿ ಗೈರುಹಾಜರಿ ನೋಟೀಸಿಗೆ ಉತ್ತರ ಬರೆಸಿಕೊಳ್ಳಲು ನಮ್ಮ ಕಚೇರಿಗೆ ಬಂದಿದ್ದರು. ನಾಲ್ಕು ವರ್ಷದಿಂದ ಅವರಿಗೆ ಕೀಲುವಾತ. ಬೆಳಿಗ್ಗೆ ಎದ್ದು ಒಂದು ತಾಸು ಕಳೆಯುವವರೆಗೆ ಬೆರಳು ಮಡಿಸಲು ಬರುವುದಿಲ್ಲ. ಮಾತಿನ ನಡುವೆ ಬಾಯಿಗೆ ಸೆರಗು ಹಿಡಿದು ಹೇಳಿದರು: “ಹಲ್ಲು ತಿಕ್ಕೋದನ್ನ ಬಿಟ್ಟೇಬಿಟ್ಟೀನಿ ಅಣ್ಣಾರ. ತಿಕ್ಕಿದರ ರಕ್ತ ಬರ್ತೈತಿ. ಬ್ರಶ್ಶು ಹಿಡಿಯಾಕ ಬೆರಳೂ ಬಾಗಂಗಿಲ್ಲ.” ಕೀಲಿನ ಡಾಕ್ಟರು ಅವರ ಬೆರಳು ನೋಡಿದ್ದರು, ಬಾಯಿ ನೋಡಿರಲಿಲ್ಲ. ಹಲ್ಲಿನ ಡಾಕ್ಟರು ಬಾಯಿ ನೋಡಿದ್ದರು, ಬೆರಳು ನೋಡಿರಲಿಲ್ಲ. ಎರಡು ಬೇನೆಗಳನ್ನೂ ಹೊತ್ತು ಪಾಳಿಗೆ ಹೋಗುವ ಹೆಂಗಸು ಮಾತ್ರ ಒಬ್ಬಳೇ.

ಈ ಕೀಲುವಾತ ವಯಸ್ಸಾಗಿ ಮೊಣಕಾಲು ಸವೆಯುವ ಬೇನೆಯಲ್ಲ. ವೈದ್ಯರು ಇದನ್ನು ರುಮಟಾಯ್ಡ್ ಸಂಧಿವಾತ ಎನ್ನುತ್ತಾರೆ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಬೆರಳು, ಮಣಿಕಟ್ಟು, ಪಾದಗಳ ಸಣ್ಣ ಕೀಲುಗಳು ಎರಡೂ ಕಡೆ ಬಾತುಕೊಳ್ಳುತ್ತವೆ. ಬಿಟ್ಟರೆ ಮೂಳೆ ಸವೆದು ಕೈ ಸೊಟ್ಟಗಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಹೆಚ್ಚು. ಅದೂ ದುಡಿದು ಉಣ್ಣುವ ವಯಸ್ಸಿನಲ್ಲೇ ಬರುತ್ತದೆ.

ಇನ್ನು ವಸಡಿನ ಕಥೆ. ಹಲ್ಲಿನ ಬುಡದಲ್ಲಿ ದಿನವೂ ರೋಗಾಣುಗಳ ತೆಳುವಾದ ಪಾಚಿ ಕಟ್ಟುತ್ತದೆ. ತಿಕ್ಕಿ ತೆಗೆಯದಿದ್ದರೆ ಅದು ಗಾರೆಯಂತೆ ಗಟ್ಟಿಯಾಗಿ ಕೂರುತ್ತದೆ. ವಸಡು ಬಾತು, ಮುಟ್ಟಿದರೆ ರಕ್ತ ಬರುತ್ತದೆ. ಮುಂದೆ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗಿ ಹಲ್ಲು ಅಲುಗಾಡುತ್ತದೆ. ಕೀಲಿನಲ್ಲೂ ವಸಡಿನಲ್ಲೂ ನಡೆಯುವುದು ಒಂದೇ ರೀತಿಯ ಕೆಲಸ, ಬಾವು ಬಂದು ಮೂಳೆಯನ್ನು ತಿನ್ನುವುದು.

ಇವೆರಡರ ನಂಟು ಬರಿಯ ಹೋಲಿಕೆಯಲ್ಲ. ಕೀಲುವಾತ ಇರುವವರಲ್ಲಿ ವಸಡಿನ ರೋಗ ಇತರರಿಗಿಂತ ಹೆಚ್ಚೆಂದು ಅನೇಕ ದೇಶಗಳ ವೈದ್ಯರು ಕಂಡಿದ್ದಾರೆ. ವಸಡಿನ ರೋಗಾಣುಗಳಲ್ಲಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬುದೊಂದಿದೆ. ಅದು ದೇಹದ ಪ್ರೋಟೀನುಗಳ ರೂಪವನ್ನು ಬದಲಾಯಿಸಬಲ್ಲದು. ಅಂಥ ರೂಪ ಬದಲಾದ ಪ್ರೋಟೀನುಗಳ ಮೇಲೆಯೇ ಕೀಲುವಾತದವರ ರಕ್ಷಣಾ ಶಕ್ತಿ ಕೆರಳುತ್ತದೆ. ೨೦೨೩ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ವಸಡು ಕೆಟ್ಟ ಕೀಲುವಾತದ ರೋಗಿಗಳಲ್ಲಿ ಬಾಯಿಯ ರೋಗಾಣುಗಳು ಮತ್ತೆ ಮತ್ತೆ ರಕ್ತಕ್ಕೆ ನುಗ್ಗುವುದನ್ನೂ ಅದರಿಂದ ಈ ಕೆರಳಿಕೆಗೆ ಇಂಬು ಸಿಗುವುದನ್ನೂ ತೋರಿಸಿತು. ಹಾಗೆಂದು ವಸಡೇ ಕೀಲುವಾತದ ಏಕೈಕ ಕಾರಣ ಎನ್ನುವಂತಿಲ್ಲ. ವಸಡು ಶುದ್ಧವಾದರೆ ಕೀಲು ತಾನೇ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಎಚ್ಚರಿಕೆಗೆ ಹಿಂದೆ ಒಂದು ಚರಿತ್ರೆಯಿದೆ. ೧೯೧೦ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಬಾಯಿಯ ಕೊಳೆಯೇ ಅನೇಕ ರೋಗಗಳ ಮೂಲವೆಂದು ಸಾರಿದರು. ಅದರ ಬೆನ್ನಿಗೆ ಇಂಗ್ಲೆಂಡ್ ಅಮೆರಿಕಗಳಲ್ಲಿ ಕೀಲುನೋವಿನ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳುವ ಪದ್ಧತಿ ಎರಡು ಮೂರು ದಶಕ ನಡೆಯಿತು. ಜನ ಬೊಚ್ಚುಬಾಯಿಯಾದರು. ಕೀಲುನೋವು ಇದ್ದಲ್ಲೇ ಇತ್ತು. ಕೀಲುವಾತಕ್ಕೆ ಮದ್ದೆಂದು ಯಾರೂ ಹಲ್ಲು ಕೀಳಿಸಿಕೊಳ್ಳಬಾರದು. ಉಳಿಸಲು ಸಾಧ್ಯವಾದ ಹಲ್ಲನ್ನು ಉಳಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯ ಮಾತು, ರಕ್ತ ಬರುತ್ತದೆಂದು ತಿಕ್ಕುವುದನ್ನು ಬಿಡಬಾರದು. ಬಿಟ್ಟಷ್ಟೂ ಪಾಚಿ ಬೆಳೆಯುತ್ತದೆ, ಬೆಳೆದಷ್ಟೂ ರಕ್ತ ಹೆಚ್ಚುತ್ತದೆ. ಮೃದುವಾದ ಬ್ರಶ್ಶಿನಿಂದ, ವಸಡಿನ ಅಂಚಿಗೆ ತಾಗುವಂತೆ, ಒತ್ತದೆ ತಿಕ್ಕಬೇಕು. ಬೆರಳು ಮಡಿಸಲು ಬಾರದವರು ಬ್ರಶ್ಶಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನೋ ಬಟ್ಟೆಯ ಪಟ್ಟಿಯನ್ನೋ ಸುತ್ತಿ ದಪ್ಪ ಮಾಡಿಕೊಳ್ಳಲಿ. ದಪ್ಪ ಹಿಡಿ ಅರ್ಧ ಮುಚ್ಚಿದ ಮುಷ್ಟಿಯಲ್ಲೂ ನಿಲ್ಲುತ್ತದೆ. ಬಿಸಿನೀರಿನಲ್ಲಿ ಕೈ ಅದ್ದಿ, ಬಿಗಿತ ಸಡಿಲಿದ ಮೇಲೆ ತಿಕ್ಕಿದರೆ ಸುಲಭ. ಬೆಳಿಗ್ಗೆ ಆಗದಿದ್ದರೆ ರಾತ್ರಿ ಊಟವಾದ ಮೇಲೆ ತಿಕ್ಕುವುದನ್ನಂತೂ ತಪ್ಪಿಸಬಾರದು. ಇದ್ದಲು ಪುಡಿ, ಇಟ್ಟಿಗೆ ಪುಡಿ ಬಾತ ವಸಡನ್ನು ಇನ್ನಷ್ಟು ಗಾಯ ಮಾಡುತ್ತವೆ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ಹಿತವಾಗುತ್ತದೆ, ಆದರೆ ಗಟ್ಟಿಯಾದ ಗಾರೆ ಅದರಿಂದ ಬಿಡುವುದಿಲ್ಲ. ಅದನ್ನು ಹಲ್ಲಿನ ಡಾಕ್ಟರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಸಡಿಲ ಮಾಡಿದ್ದು ರೋಗ. ಗಾರೆ ತೆಗೆದಾಗ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಎರಡನೆಯ ಮಾತು ಔಷಧಿಯದು. ಕೀಲುವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕು. ತಿಳಿಯದೆ ದಿನವೂ ನುಂಗಿದರೆ ರಕ್ತದ ಕಣಗಳು ಇಳಿದು ಪ್ರಾಣಕ್ಕೇ ಅಪಾಯ. ಡಾಕ್ಟರ ಚೀಟಿ ಓದಲು ಬಾರದವರು ಆ ವಾರದ ಹೆಸರನ್ನು ಮಾತ್ರೆಯ ಡಬ್ಬಿಯ ಮೇಲೆ ಮಕ್ಕಳ ಕೈಯಲ್ಲಿ ಬರೆಯಿಸಿಕೊಳ್ಳಲಿ. ಬಾಯಿಹುಣ್ಣು ಈ ಔಷಧಿಯಿಂದಲೂ ಬರಬಹುದು. ಅದಕ್ಕಾಗಿ ಡಾಕ್ಟರು ಫೋಲಿಕ್ ಆಸಿಡ್ ಬರೆದಿದ್ದರೆ ಅದನ್ನು ತಪ್ಪಿಸಬಾರದು. ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆಗಳೂ ರಕ್ತವನ್ನು ಬೇಗ ನಿಲ್ಲಗೊಡುವುದಿಲ್ಲ. ವಸಡಿನ ರಕ್ತದ ಜೊತೆಗೆ ಮೈಮೇಲೆ ನೀಲಿ ಕಲೆ, ಮೂಗಿನಿಂದ ರಕ್ತ, ಜ್ವರ, ಗಂಟಲುಹುಣ್ಣು ಕಂಡರೆ ಅದು ಬರಿಯ ವಸಡಿನ ಕಾಯಿಲೆಯಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಉಳಿದ ವೇಳೆ ವಸಡಿನಲ್ಲಿ ನಾಲ್ಕು ಹನಿ ರಕ್ತ ಕಂಡಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಕೀಲು ಕೆರಳುತ್ತದೆ. ಹಲ್ಲಿನ ಡಾಕ್ಟರಿಗೆ ಕೀಲಿನ ಮಾತ್ರೆಗಳನ್ನೂ ಕೀಲಿನ ಡಾಕ್ಟರಿಗೆ ಬಾಯಿಯನ್ನೂ ತೋರಿಸಬೇಕು. ಬಾಯಿ ಸದಾ ಒಣಗುತ್ತಿದ್ದರೆ ಅದನ್ನೂ ಹೇಳಬೇಕು. ಈ ರೋಗದ ಜೊತೆಗೆ ಉಗುಳು ಬತ್ತುವ ಬೇನೆ ಬರುವುದುಂಟು, ಆಗ ಹಲ್ಲು ಬೇಗ ಹುಳಿಯುತ್ತದೆ.

ಮೂರನೆಯದು ತಂಬಾಕು. ಬೀಡಿ ಸಿಗರೇಟಿನ ಹೊಗೆ ಕೀಲುವಾತ ಬರುವ ಅಪಾಯವನ್ನೂ ವಸಡಿನ ರೋಗವನ್ನೂ ಹೆಚ್ಚಿಸುತ್ತದೆ. ಮೋಸದ ಸಂಗತಿಯೆಂದರೆ, ಹೊಗೆ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ರೋಗ ಒಳಗೇ ಬೆಳೆಯುತ್ತದೆ. ಹೊಗೆಸೊಪ್ಪಿನ ಹಲ್ಲುಪುಡಿ ತಯಾರಿಸಿ ಮಾರುವುದನ್ನು ಕೇಂದ್ರ ಸರಕಾರ ೧೯೯೨ರಲ್ಲೇ ನಿಷೇಧಿಸಿತು. ನಮ್ಮ ಅಂಗಡಿಕಾರ ಬಂಧುಗಳು ಅಂಥ ಪುಡಿಯನ್ನು ಕಪಾಟಿನಲ್ಲಿ ಇಡದಿದ್ದರೆ ಅದೂ ಒಂದು ಸಮಾಜಸೇವೆಯೇ.

ಇಷ್ಟು ರೋಗಿಯ ಕರ್ತವ್ಯ. ಇನ್ನು ಸರಕಾರದ್ದು. ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ ೧೯೪೮ರಲ್ಲಿ ಬಂತು. ೨೦೧೯ರ ಜುಲೈಯಲ್ಲಿ ಕಾರ್ಮಿಕನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು ರೂಪಾಯಿ ಎಂದು ಗೊತ್ತಾಯಿತು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದ ಹಣಕ್ಕೆ ಕೇಳುವ ಚಿಕಿತ್ಸೆ ಭಿಕ್ಷೆಯಲ್ಲ. ಚಿಕ್ಕ ಅಂಗಡಿಕಾರನಿಗಾದರೋ ಆ ವಿಮೆಯೂ ಇಲ್ಲ. ತಕ್ಕಡಿ ಎತ್ತಲಾರದ ದಿನ ಅವನ ಅಂಗಡಿಯ ಬಾಗಿಲು ತೆರೆಯುವುದಿಲ್ಲ. ೨೦೧೪ರಲ್ಲಿ ನಮ್ಮ ರಾಜ್ಯ ಸರಕಾರ ದಂತ ಭಾಗ್ಯ ಎಂಬ ಯೋಜನೆಯಿಂದ ಹಲ್ಲಿಲ್ಲದ ಬಡ ವೃದ್ಧರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಕೊಡಿಸಲು ಹೊರಟಿತು. ಒಳ್ಳೆಯದೇ. ಆದರೆ ಹಲ್ಲೆಲ್ಲ ಬಿದ್ದ ಮೇಲೆ ಕೊಡುವ ಭಾಗ್ಯಕ್ಕಿಂತ ಬೀಳದಂತೆ ವಸಡನ್ನು ಕಾಯುವ ಭಾಗ್ಯ ಅಗ್ಗವಲ್ಲವೇ, ಮಾನವೀಯವಲ್ಲವೇ?

ಹಲ್ಲು ರಾಜಕೀಯದ ವಿಷಯವಲ್ಲವೆನ್ನುವವರು ಬ್ರಿಟನ್ನಿನ ಅನ್ಯೂರಿನ್ ಬೆವಾನ್ ಅವರನ್ನು ನೆನೆಯಲಿ. ಹದಿಮೂರನೆಯ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದ ಆ ಸಮಾಜವಾದಿ ೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿದರು. ಅದರಲ್ಲಿ ಹಲ್ಲಿನ ಚಿಕಿತ್ಸೆಯೂ ಉಚಿತವಾಗಿತ್ತು. ೧೯೫೧ರಲ್ಲಿ ತಮ್ಮದೇ ಪಕ್ಷದ ಸರಕಾರ ಕೃತಕ ಹಲ್ಲಿಗೂ ಕನ್ನಡಕಕ್ಕೂ ಹಣ ಕೇಳಲು ಹೊರಟಾಗ ಅವರು ಮಂತ್ರಿಪದವಿಯನ್ನೇ ಬಿಟ್ಟುಕೊಟ್ಟರು.

ನಾವು ಕೇಳುವುದು ಅಷ್ಟು ದೊಡ್ಡ ತ್ಯಾಗವನ್ನಲ್ಲ. ಕೀಲುವಾತದ ಪ್ರತಿಯೊಬ್ಬ ರೋಗಿಯ ಬಾಯಿಯನ್ನೂ ಆರು ತಿಂಗಳಿಗೊಮ್ಮೆ ನೋಡುವ ಏರ್ಪಾಡು ವಿಮಾ ಆಸ್ಪತ್ರೆಗಳಲ್ಲೂ ಜಿಲ್ಲಾ ಆಸ್ಪತ್ರೆಗಳಲ್ಲೂ ಆಗಲಿ. ವಸಡಿನ ಕ್ಲೀನಿಂಗ್ ಅಲ್ಲಿಯೇ ಪುಕ್ಕಟೆಯಾಗಿ ನಡೆಯಲಿ. ಆ ದಿನದ ಅರ್ಧ ಪಾಳಿಯ ಕೂಲಿಯನ್ನು ಮಾಲೀಕರು ಕಡಿಯದಿರಲಿ. ಯೂನಿಯನ್ನುಗಳು ಮುಂದಿನ ಬೇಡಿಕೆಪಟ್ಟಿಯಲ್ಲಿ ಇದನ್ನೂ ಸೇರಿಸಲಿ.

ನಮ್ಮ ಕಚೇರಿಗೆ ಬಂದ ತಾಯಿಯ ನೋಟೀಸಿಗೆ ಉತ್ತರ ಬರೆದುಕೊಟ್ಟೆವು. ಎದುರಿನ ಸೈಕಲ್ ಅಂಗಡಿಯ ಹುಡುಗ ಒಂದು ಗೇಣು ಹಳೆಯ ಟ್ಯೂಬು ಕತ್ತರಿಸಿ ಕೊಟ್ಟ, ಕಾಸು ತೆಗೆದುಕೊಳ್ಳಲಿಲ್ಲ. ಆ ಹುಡುಗ ತನ್ನ ಪಾಲಿನ ಕೆಲಸ ಮುಗಿಸಿದ್ದಾನೆ. ಉಳಿದವರ ಪಾಲು ಇನ್ನೂ ಬಾಕಿಯಿದೆ.